‘ನಾವು’ ಎಂದರೆ ಯಾರು ಯಾರು?

ಕೇಳುಗ ಬಂಧುಗಳಿಗೆ ನಮಸ್ಕಾರ.

ಬೆಳಗಾವಿಯ ಕಾಲೇಜೊಂದರಲ್ಲಿ ಭಾಷೆ ಕಲಿಸುವ ನನ್ನ ಬಳಿ ಕೆಲವು ವರ್ಷಗಳ ಹಿಂದೆ ಬೈಲಹೊಂಗಲ ಕಡೆಯ ಒಬ್ಬ ವಿದ್ಯಾರ್ಥಿನಿ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಇಂಜಿನಿಯರಿಂಗ್ ಸೇರಿದ್ದ ಆಕೆಗೆ ಜರ್ಮನ್ ಕಲಿಯುವ ಹಟವಿತ್ತು. ಬೇರೆ ಸಂಸ್ಕೃತಿಯ ಜನರೊಡನೆ ಅರಿತು ಬಾಳುವ ಶಕ್ತಿ ವಿದ್ಯಾರ್ಥಿಯೊಬ್ಬರಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ನಾನು ಪುಸ್ತಕಗಳಿಗಿಂತ ಹೆಚ್ಚಾಗಿ ಈ ಹುಡುಗಿಯನ್ನು ನೋಡಿ ತಿಳಿದುಕೊಂಡೆ. ಆಕೆಯ ಹೆಸರು ಇಲ್ಲಿ ಬೇಡ.

ಟಿಳಕವಾಡಿಯಲ್ಲಿ ಆಕೆ ಹಿಡಿದ ಬಾಡಿಗೆ ಕೋಣೆಯಲ್ಲಿ ಖಾನಾಪುರದ ಮರಾಠಿ ಹುಡುಗಿಯೊಬ್ಬಳು ಜೊತೆಗಿದ್ದಳು. ಆರು ತಿಂಗಳಲ್ಲಿ ಇವಳಿಗೆ ಸಂತೆಯ ಮಟ್ಟಿಗೆ ಮರಾಠಿ ಬಂತು. ಒಂದು ರಾತ್ರಿ ಊಟಕ್ಕೆ ಏಳುತ್ತ, ಗೆಳತಿಯನ್ನೂ ಕರೆಯುವ ಮನಸ್ಸಿನಿಂದ, “ಆಮ್ಹೀ ಜೇವಾಯಲಾ ಜಾತೋ” ಎಂದಳು. ಗೆಳತಿ ತಲೆ ಎತ್ತಿ ನೋಡಿ, ಮತ್ತೆ ಪುಸ್ತಕದೊಳಗೆ ತಲೆ ಹಾಕಿದಳು. ಮೂರು ದಿನ ಇಬ್ಬರ ನಡುವೆ ಮಾತು ಬಿಗಿಯಾಗಿತ್ತು. ಕೊನೆಗೆ ಮನೆಯೊಡತಿ ಮಾವಶಿ ನಕ್ಕು ಬಿಡಿಸಿ ಹೇಳಿದರು: “ಆಮ್ಹೀ ಅಂದ್ರ ನಿನ್ನ ಬಿಟ್ಟು ನಾವು. ಆಪಣ ಅಂದ್ರ ನಿನ್ನನ್ನೂ ಸೇರಿಸಿ ನಾವು. ನೀ ಆಕಿನ್ನ ಬಿಟ್ಟು ಹೊಂಟಿದ್ದಿ ನೋಡು.”

ಇಂದಿನ ಕನ್ನಡದಲ್ಲಿ ‘ನಾವು’ ಒಂದೇ. ಎದುರಿಗೆ ಕೂತವರು ಅದರಲ್ಲಿ ಸೇರಿದ್ದಾರೋ ಇಲ್ಲವೋ ಎಂಬುದನ್ನು ಸಂದರ್ಭದಿಂದ ಊಹಿಸಬೇಕು. ಮರಾಠಿ, ತೆಲುಗು, ತಮಿಳು ಮಾತಾಡುವವರು ಪ್ರತಿ ಸಲವೂ ಅದನ್ನು ನಿರ್ಧರಿಸಿಯೇ ಬಾಯಿ ತೆರೆಯಬೇಕು. ವ್ಯಾಕರಣದ ಪುಸ್ತಕ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ; ಆದರೆ ಮೂರು ದಿನ ಮಾತು ಬಿಟ್ಟು ಕೂತವರಿಗೆ ಅದು ಬರಿಯ ವ್ಯಾಕರಣವಾಗಿ ಉಳಿಯುವುದಿಲ್ಲ. ಬೆಳಗಾವಿಯ ನಾವು ಕನ್ನಡ, ಮರಾಠಿ, ದಖನಿ, ಕೊಂಕಣಿಗಳ ನಡುವೆ ಬೆಳೆದವರು, ನಮಗೆ ಇದೆಲ್ಲ ಹುಟ್ಟಿನಿಂದಲೇ ಗೊತ್ತು ಎಂದು ಬೀಗುವುದುಂಟು. ಗೊತ್ತಿರುವುದು ಅಂಗಡಿಯ ಲೆಕ್ಕದಷ್ಟು ಮಾತು ಮಾತ್ರ ಎಂಬ ಅನುಮಾನ ನನಗಿದೆ. ಪಕ್ಕದ ಮನೆಯವರ ಭಾಷೆ ಬರುತ್ತದೆಂಬ ಧೈರ್ಯದಲ್ಲಿಯೇ ನಾವು ಅವರನ್ನು ಕೇಳಿ ತಿಳಿಯುವುದನ್ನು ಬಿಟ್ಟಿರುತ್ತೇವೆ.

ಕಾಲೇಜುಗಳೂ ಇದಕ್ಕೆ ಹೊರತಲ್ಲ. ‘ಸಂಸ್ಕೃತಿ ಪರಿಚಯ’ ಎಂದು ಒಂದು ದಿನ ಇಳಕಲ್ ಸೀರೆ ಉಡಿಸಿ, ಬಂದ ಅತಿಥಿಗೆ ಕುಂದಾ ತಿನ್ನಿಸಿ, ಫೋಟೋ ತೆಗೆದು ಮುಗಿಸುತ್ತೇವೆ. ನಾನೂ ಅಂಥ ಮೂರು ಕಾರ್ಯಕ್ರಮ ನಡೆಸಿದ್ದೇನೆ. ಕುಂದಾ ಚೆನ್ನಾಗಿತ್ತು, ಅದಕ್ಕಿಂತ ಹೆಚ್ಚಿನದೇನೂ ನನಗೆ ನೆನಪಿಲ್ಲ.

ಜರ್ಮನ್ ತರಗತಿಯಲ್ಲಿ ಈ ಹುಡುಗಿಗೆ ಎರಡು ಅಚ್ಚರಿಗಳು ಕಾದಿದ್ದವು. ಇಪ್ಪತ್ತೊಂದನ್ನು ಜರ್ಮನರು ‘ಐನ್-ಉಂಡ್-ತ್ಸ್ವಾನ್‌ಸಿಗ್’, ಅಂದರೆ ಒಂದೂ-ಇಪ್ಪತ್ತು, ಎನ್ನುತ್ತಾರೆ. ಕನ್ನಡದ ಕಿವಿಗೆ ಇದು ತಲೆಕೆಳಗು. ಆದರೆ ಮರಾಠಿಯ ‘ಏಕವೀಸ’ದಲ್ಲಿಯೂ ಒಂದೇ ಮೊದಲು ಬರುತ್ತದೆ, ಹಾಗಾಗಿ ಆಕೆ ಗೆಳತಿಯ ಮರಾಠಿ ಲೆಕ್ಕವನ್ನು ಹಿಡಿದು ಜರ್ಮನ್ ಅಂಕಿಗಳನ್ನು ದಾಟಿದಳು. ಎರಡನೆಯದು ವಾಕ್ಯದ ಅಚ್ಚರಿ. ‘ಏಕೆಂದರೆ’ ಎಂಬರ್ಥದ ‘ವೈಲ್’ ಬಂದೊಡನೆ ಜರ್ಮನ್ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷ್ ಮಾಧ್ಯಮದವರು ಇಲ್ಲಿ ತಡವರಿಸುತ್ತಿದ್ದಾಗ, ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಇರುವುದೇ ಅಲ್ಲಿ ಎಂದು ಈಕೆ ನಿರಾಳವಾಗಿದ್ದಳು. ಕನ್ನಡ ಮಾಧ್ಯಮ ತನಗೊಂದು ಕೊರತೆ ಎಂದು ತಿಳಿದಿದ್ದವಳು ಅಂದು ಮೊದಲ ಬಾರಿಗೆ ಅದರ ಮೇಲೆ ಕಾಲೂರಿ ನಿಂತದ್ದನ್ನು ನಾನು ಕಂಡೆ.

ಈ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದು ಬಂದವರೂ ಇದ್ದಾರೆ. ಜರ್ಮನಿಯ ಫರ್ಡಿನಂಡ್ ಕಿಟೆಲ್ 1853ರಲ್ಲಿ ಮಂಗಳೂರಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ನಾಲ್ಕು ದಶಕಗಳನ್ನು, ಆರು ತಿಂಗಳಲ್ಲಿ ಭಾಷೆ ಕಲಿಸುತ್ತೇವೆ ಎಂಬ ಜಾಹೀರಾತು ಕಂಡಾಗಲೆಲ್ಲ ನಾನು ಎಣಿಸಿಕೊಳ್ಳುತ್ತೇನೆ.

ಮೈಕೆಲ್ ಬೈರಮ್ ಎಂಬ ಭಾಷಾಶಿಕ್ಷಣದ ವಿದ್ವಾಂಸರು 1997ರಲ್ಲಿ ಒಂದು ಮಾತನ್ನು ಖಚಿತವಾಗಿ ಮುಂದಿಟ್ಟರು. ಪರಭಾಷೆ ಕಲಿಯುವವರು ಆ ಭಾಷೆಯಲ್ಲಿಯೇ ಹುಟ್ಟಿದವರಂತೆ ಆಗಬೇಕಾಗಿಲ್ಲ; ಎರಡು ಸಂಸ್ಕೃತಿಗಳ ನಡುವೆ ನಿಂತು, ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಬಿಡಿಸಿ ಹೇಳಬಲ್ಲವರಾದರೆ ಸಾಕು ಎಂಬುದು ಅದರ ತಿರುಳು. ಈ ತಿರುಳು ನಮ್ಮ ಹುಡುಗಿಗೆ ಅರ್ಥವಾದದ್ದು ತರಗತಿಯಲ್ಲಲ್ಲ, ಕೆಲಸದಲ್ಲಿ.

ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಆಕೆ ತರಬೇತಿಗೆ ಸೇರಿದಳು. ಜರ್ಮನಿಯ ಗಿರಾಕಿಗಳ ಪತ್ರಗಳಿಗೆ ಉತ್ತರ ಬರೆಯುವುದು ಆಕೆಯ ಪಾಲಿಗೆ ಬಂತು. ಕಾಸ್ಟಿಂಗ್‌ಗಳು, ಅಂದರೆ ಎರಕ ಹೊಯ್ದ ಬಿಡಿಭಾಗಗಳು, ಇಂಥ ತಾರೀಖಿಗೆ ಆದಾವೇ ಎಂದು ಅವರು ಕೇಳಿದಾಗ, ಹಿರಿಯ ಫೋರ್‌ಮನ್ ಕಾಕಾ “ಮಾಡೂಣ್ರಿ” ಎಂದರು. ಆಕೆ ‘ಮಾಡುತ್ತೇವೆ’ ಎಂದು ಬರೆದಳು. ತಾರೀಖು ದಾಟಿತು. ಅತ್ತಲಿಂದ ನಮಸ್ಕಾರವೂ ಇಲ್ಲದ ಎರಡು ಸಾಲಿನ ಪತ್ರ ಬಂತು. ಕಾಕಾ ಅವಮಾನವಾಯಿತೆಂದು ಕೆರಳಿದರು, ಜರ್ಮನಿಯವರು ಮಾತಿಗೆ ತಪ್ಪಿದಿರೆಂದು ಕೆರಳಿದರು. ನಮ್ಮ ‘ಮಾಡೂಣ್ರಿ’ಯಲ್ಲಿ ಒಪ್ಪಿಗೆಗಿಂತ ಹೆಚ್ಚಾಗಿ, ಕೇಳಿದವರ ಮುಖಕ್ಕೆ ‘ಆಗೂದಿಲ್ಲ’ ಎನ್ನಬಾರದೆಂಬ ಮರ್ಯಾದೆ ಇರುತ್ತದೆ. ಆ ಎರಡು ಸಾಲಿನ ಪತ್ರದಲ್ಲಿಯೂ ಸಿಟ್ಟಿಗಿಂತ, ಮುಂದಿನ ಕೆಲಸ ನಿಂತಿದೆ ಎಂಬ ಆತಂಕವೇ ಹೆಚ್ಚು. ಎರಡನ್ನೂ ಎರಡು ಕಡೆಗೂ ಹೇಳುವವರು ಬೇಕಾಗಿತ್ತು, ಮತ್ತು ಅಲ್ಲಿ ಇದ್ದವಳು ಆಕೆಯೊಬ್ಬಳೇ.

ಮುಂದೆ ಮೂರು ತಿಂಗಳು ಜರ್ಮನಿಯಲ್ಲಿ ಇದ್ದು ಬಂದಳು. ಅಲ್ಲಿ ತಾಯಿಯ ವಯಸ್ಸಿನ ಸಹೋದ್ಯೋಗಿಯೊಬ್ಬರು, ‘ಝೀ’ ಎಂಬ ಬಹುವಚನ ಬಿಟ್ಟು ತಮ್ಮನ್ನು ‘ದೂ’ ಎಂದು ಏಕವಚನದಲ್ಲಿ ಕರೆಯಲು ಹೇಳಿದರಂತೆ. ನಾಲಿಗೆ ಏಳಲಿಲ್ಲ. ಕೊನೆಗೆ ಬೈಲಹೊಂಗಲದ ಮನೆಯಲ್ಲಿ ತಾನು ಅವ್ವನಿಗೆ ‘ನೀ’ ಎನ್ನುವುದು ನೆನಪಾಗಿ, ಅದೇ ಎಳೆ ಹಿಡಿದು ‘ದೂ’ ಎಂದಳಂತೆ. ಆದರೆ ಹೊರಡುವ ದಿನ ಬಾಗಿಲಲ್ಲಿ ನಿಂತು ನಮ್ಮ ‘ಬರ್ತೇನ್ರಿ’ಯನ್ನು ಹಾಗೆಯೇ ಜರ್ಮನ್‌ಗೆ ತಿರುಗಿಸಿದ್ದರಿಂದ, ಆ ತಾಯಿ ರಾತ್ರಿಯ ಊಟಕ್ಕೆ ಕಾದು ಕೂತರಂತೆ. ಮರಾಠಿಯವರೂ ಹೊರಡುವಾಗ ‘ಯೇತೋ’ ಎಂದೇ ಹೇಳುತ್ತಾರೆ. ಬೆಳಗಾವಿಯಲ್ಲಿ ಆ ಮಾತಿಗೆ ಯಾರೂ ಊಟ ಇಟ್ಟುಕೊಂಡು ಕಾಯುವುದಿಲ್ಲ.

ಈಗ ಆಕೆ ಅದೇ ಉದ್ಯಮಬಾಗದಲ್ಲಿ ನೌಕರಿಯಲ್ಲಿದ್ದಾಳೆ. ಹೋದ ತಿಂಗಳು ಅಲ್ಲಿಗೆ ಹೋದಾಗ, ಜರ್ಮನಿಯ ಪತ್ರವೊಂದನ್ನು ಕೈಯಲ್ಲಿ ಹಿಡಿದು ಆಕೆ ಕಾಕಾ ಬಳಿ ನಿಂತಿದ್ದಳು. ‘ಯಾವಾಗ ಆಗ್ತದ’ ಎಂದು ಕೇಳಲಿಲ್ಲ. “ಕಾಕಾ, ಲಾರಿ ಯಾವತ್ತ ಕರಸೂಣು?” ಎಂದು ಕೇಳಿದಳು. ಕಾಕಾ ಭಟ್ಟಿಯ ಕಡೆ ನೋಡಿ, ಬೆರಳು ಮಡಚಿ ಎಣಿಸಿ, “ಬುಧವಾರ ಬ್ಯಾಡ. ಶುಕ್ರವಾರ ಸಂಜೀಕ ಕರಸವಾ” ಎಂದರು. ಆಕೆ ಶುಕ್ರವಾರ ಎಂದು ಬರೆದುಕೊಂಡು, ನನ್ನ ಕಡೆ ತಿರುಗಿ, “ಸರ್, ಚಹಾ ಕುಡಿಯೂಣು ಬರ್ರಿ” ಎಂದಳು.

ನಮಸ್ಕಾರ.