ಪಾಪ್ಲರಿನ ವಿಲ್ ಕ್ರೂಕ್ಸ್: ಗಂಜಿ ಬಟ್ಟಲಿನ ರಾಜಕಾರಣ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರ್ಮಿಕ ನಾಯಕ ಅಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ಮುಷ್ಕರ, ಕೆಂಪು ಬಾವುಟ, ಮೈಕು. ಆಮೇಲೆ ವಿಧಾನಸಭೆ, ಮಂತ್ರಿಗಿರಿ. ಊರಿನ ಪುರಸಭೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. "ಬಿಡಿ ಸಾರ್, ಅದು ಚರಂಡಿ, ಬೀದಿದೀಪದ ವಿಷಯ" ಅನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬಡವರ ದಿನ ಕಳೆಯುವುದು ಆ ಚರಂಡಿಯ ಪಕ್ಕದಲ್ಲೇ, ಆ ದೀಪದ ಕೆಳಗೇ ಅಲ್ವಾ? ಅದಕ್ಕೇ ಇವತ್ತು ಒಬ್ಬರ ಕಥೆ ಹೇಳುತ್ತೇನೆ. ಹೆಸರು ವಿಲ್ ಕ್ರೂಕ್ಸ್. ಊರು ಪೂರ್ವ ಲಂಡನ್ನಿನ ಪಾಪ್ಲರ್.

ಪಾಪ್ಲರ್ ಹಡಗುಕಟ್ಟೆಗಳ ಜಾಗ. ಈಸ್ಟ್ ಇಂಡಿಯಾ ಡಾಕ್ ಇದ್ದದ್ದು ಇಲ್ಲೇ. ಜಗತ್ತಿನ ಸರಕೆಲ್ಲ ಬಂದು ಇಳಿಯುತ್ತಿತ್ತು. ಇಳಿಸುವ ಕೂಲಿಯವರ ಮನೆಯಲ್ಲಿ ಮಾತ್ರ ಒಲೆ ಹತ್ತುವುದು ಕೆಲಸ ಸಿಕ್ಕ ದಿನ. ಕ್ರೂಕ್ಸ್ ಹುಟ್ಟಿದ್ದು 1852ರಲ್ಲಿ. ತಂದೆ ಹಡಗಿನ ಬೆಂಕಿಗೂಡಿಗೆ ಕಲ್ಲಿದ್ದಲು ಹಾಕುವ ಕೆಲಸದವರು. ಮಗನಿಗೆ ಮೂರು ವರ್ಷ ಆಗಿದ್ದಾಗ ಯಂತ್ರಕ್ಕೆ ಸಿಕ್ಕಿ ಅವರ ಒಂದು ತೋಳು ಹೋಯಿತು. ಅಲ್ಲಿಂದ ಮುಂದೆ ಸಂಸಾರ ನಡೆದದ್ದು ತಾಯಿಯ ಹೊಲಿಗೆಯಿಂದ. ಹಡಗಿನವರು ಹಾಕುವ ಎಣ್ಣೆಬಟ್ಟೆ ಕೋಟುಗಳನ್ನು ರಾತ್ರಿಯೆಲ್ಲ ಹೊಲಿಯುತ್ತಿದ್ದರು. ಏಳು ಮಕ್ಕಳು.

ಆಗ ಇಂಗ್ಲೆಂಡಿನಲ್ಲಿ ಬಡವರಿಗೆ ನೆರವು ಕೊಡುವುದು ಗಾರ್ಡಿಯನ್ ಮಂಡಳಿ ಅಂತ ಒಂದು ಸ್ಥಳೀಯ ಸಂಸ್ಥೆ. ಊರಿನ ತೆರಿಗೆ ದುಡ್ಡು, ಊರಿನವರೇ ಸದಸ್ಯರು. ಈ ಮನೆಗೂ ವಾರಕ್ಕೆ ಕೆಲವು ಶಿಲ್ಲಿಂಗ್, ಒಂದಿಷ್ಟು ಬ್ರೆಡ್ ಸಿಗುತ್ತಿತ್ತು. 1861ರಲ್ಲಿ ಮಂಡಳಿ ಅದನ್ನೂ ನಿಲ್ಲಿಸಿತು. ಬೇಕಿದ್ದರೆ ವರ್ಕ್‌ಹೌಸಿಗೆ ಬನ್ನಿ ಅಂದಿತು. ವರ್ಕ್‌ಹೌಸ್ ಅಂದರೆ ಗತಿ ಇಲ್ಲದವರನ್ನು ಒಳಗೆ ಹಾಕಿ, ಗಂಡ ಹೆಂಡತಿ ಮಕ್ಕಳನ್ನು ಬೇರೆ ಮಾಡಿ, ಕೆಲಸ ಮಾಡಿಸಿ ಅನ್ನ ಹಾಕುವ ಜಾಗ. ಜನ ಹೆದರಿ ಇತ್ತ ಬರಬಾರದು ಅಂತಲೇ ಅದನ್ನು ಅಷ್ಟು ಕೆಟ್ಟದಾಗಿ ನಡೆಸುತ್ತಿದ್ದರು. ತಂದೆ ಐದು ಮಕ್ಕಳ ಜೊತೆ ಒಳಗೆ ಹೋದರು. ಪುಟ್ಟ ವಿಲ್ ಮತ್ತು ತಮ್ಮನನ್ನು ಅಲ್ಲಿಂದ ಸಟ್ಟನ್ನಿನ ಬಡಮಕ್ಕಳ ಶಾಲೆಗೆ ಸಾಗಿಸಿದರು. ಅಲ್ಲಿ ತಮ್ಮನನ್ನೂ ಬೇರೆ ಮಾಡಿದರು. ಆ ನೋವು ಕ್ರೂಕ್ಸ್‌ಗೆ ಕೊನೆವರೆಗೂ ಆರಲಿಲ್ಲ.

ಯಾರ ತೀರ್ಮಾನ ಇದು? ರಾಣಿಯದೂ ಅಲ್ಲ, ಪ್ರಧಾನಿಯದೂ ಅಲ್ಲ. ಮೇಜಿನ ಸುತ್ತ ಕೂತ ನಾಲ್ಕಾರು ಜನ ಊರಿನವರದು. ಇದನ್ನು ಮರೆಯಬೇಡಿ.

ತಾಯಿ ಹೇಗೋ ಮಕ್ಕಳನ್ನು ಬಿಡಿಸಿಕೊಂಡು ಬಂದರು. ಹುಡುಗ ಅಂಗಡಿಯಲ್ಲಿ ಸಾಮಾನು ತಲುಪಿಸಿದ, ಕಮ್ಮಾರನ ಹತ್ತಿರ ದುಡಿದ, ಹದಿನಾಲ್ಕಕ್ಕೆ ಪೀಪಾಯಿ ಮಾಡುವ ಕಸುಬಿಗೆ ಸೇರಿದ. ಕೆಲಸ ಕಲಿತ, ಬಾಯಿಯೂ ಜೋರಾಯಿತು. ಸಂಘದ ಮಾತಾಡುತ್ತಾನೆ ಅಂತ ಕೆಲಸದಿಂದ ತೆಗೆದರು. ಕೆಲಸ ಹುಡುಕಿಕೊಂಡು ಲಿವರ್‌ಪೂಲ್‌ವರೆಗೆ ಅಲೆದದ್ದೂ ಆಯಿತು. ಕೊನೆಗೆ ಪಾಪ್ಲರಿಗೇ ವಾಪಸ್. ಭಾನುವಾರ ಬೆಳಗ್ಗೆ ಈಸ್ಟ್ ಇಂಡಿಯಾ ಡಾಕಿನ ಬಾಗಿಲಲ್ಲಿ ನಿಂತು ಭಾಷಣ ಶುರು ಮಾಡಿದರು. ಏನು ಭಾಷಣ ಅಂತೀರಿ? ಕ್ರಾಂತಿ ಗಿಂತಿ ಅಲ್ಲ. ನಮ್ಮ ಏರಿಯಾಗೆ ಲೈಬ್ರರಿ ಯಾಕಿಲ್ಲ? ನದಿ ದಾಟೋಕೆ ಸುರಂಗ ಯಾಕಿಲ್ಲ? ಕೂಲಿಯವರು ಇದನ್ನು ಕ್ರೂಕ್ಸ್ ಕಾಲೇಜು ಅಂತಲೇ ಕರೆದರು.

1889ರ ದೊಡ್ಡ ಡಾಕ್ ಮುಷ್ಕರದಲ್ಲೂ ಅವರು ಓಡಾಡಿದರು. 1892ರಲ್ಲಿ ಲಂಡನ್ ಕೌಂಟಿ ಕೌನ್ಸಿಲಿಗೆ, ಅಂದರೆ ಇಡೀ ಲಂಡನ್ನಿನ ಸ್ಥಳೀಯ ಆಡಳಿತ ಮಂಡಳಿಗೆ, ಆಯ್ಕೆಯಾದರು. ಅಲ್ಲಿ ಸಂಬಳ ಇಲ್ಲ. ದುಡಿಯುವವನು ದಿನಗೂಲಿ ಬಿಟ್ಟು ಸಭೆಗೆ ಹೋದರೆ ಮನೆ ನಡೆಯುವುದು ಹೇಗೆ? ಊರಿನ ಕೂಲಿಯವರೇ ಪೆನ್ನಿ ಪೆನ್ನಿ ಹಾಕಿ ಅವರಿಗೆ ವಾರದ ಸಂಬಳ ಕೊಟ್ಟರು. ಕೇಳಿಸಿಕೊಂಡಿರಾ? ನಾಯಕ ಜನರಿಗೆ ದುಡ್ಡು ಹಂಚಲಿಲ್ಲ. ಜನ ನಾಯಕನಿಗೆ ದುಡ್ಡು ಕೊಟ್ಟರು.

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಗಾರ್ಡಿಯನ್ ಆಗಬೇಕಾದರೆ ಮೊದಲೆಲ್ಲ ಇಂತಿಷ್ಟು ಆಸ್ತಿ ಇರಬೇಕಿತ್ತು. ಬಡವರ ಮಂಡಳಿಯಲ್ಲಿ ಬಡವನಿಗೆ ಜಾಗ ಇಲ್ಲ! ಈ ಷರತ್ತು ಮೊದಲು ಸಡಿಲವಾಯಿತು, 1894ರ ಕಾನೂನಿನಿಂದ ಪೂರ್ತಿ ಹೋಯಿತು. ಸಡಿಲವಾದ ಕೂಡಲೇ, 1893ರಲ್ಲಿ ಕ್ರೂಕ್ಸ್ ಒಳಗೆ ಹೋದರು. ಜೊತೆಗೆ ಜಾರ್ಜ್ ಲ್ಯಾನ್ಸ್‌ಬರಿ ಅನ್ನುವ ಇನ್ನೊಬ್ಬ ಕಾರ್ಮಿಕ ನಾಯಕ. ಒಂಬತ್ತು ವರ್ಷದ ಹುಡುಗನನ್ನು ಯಾವ ವರ್ಕ್‌ಹೌಸಿಗೆ ತಳ್ಳಿದ್ದರೋ ಅದರ ಮೇಲ್ವಿಚಾರಣೆ ಈಗ ಅವನ ಕೈಗೆ.

ಒಳಗೆ ಏನು ನೋಡಿದರು? ಹರಕು ಬಟ್ಟೆ. ಎಷ್ಟೋ ಜನರ ಕಾಲಿಗೆ ಬೂಟು ಇಲ್ಲ. ಊಟಕ್ಕೆ ನೀರು ನೀರಾದ ಓಟ್ಸ್ ಗಂಜಿ. ಮುದುಕರು ಬಟ್ಟಲು ಮುಂದಿಟ್ಟುಕೊಂಡು ಗಂಜಿಯಿಂದ ಕಪ್ಪು ಕಾಳುಗಳನ್ನು ಬೆರಳಲ್ಲಿ ಆರಿಸಿ ಆರಿಸಿ ತೆಗೆಯುತ್ತಿದ್ದರು. ಏನದು? ಇಲಿ ಹಿಕ್ಕೆ. ಓಟ್ಸ್ ಪೆಟ್ಟಿಗೆಯಲ್ಲಿ ಇಲಿಗಳದ್ದೇ ರಾಜ್ಯ. ಅದನ್ನು ಕೇರಿ ಸ್ವಚ್ಛ ಮಾಡಬೇಕು ಅನ್ನುವ ಯೋಚನೆ ಕೂಡ ಯಾರಿಗೂ ಬಂದಿರಲಿಲ್ಲ. ಭಾನುವಾರ ಊಟದ ಕೋಣೆಯಲ್ಲಿ ಕಿತ್ತಾಟ. ಗಟ್ಟಿ ಆಳುಗಳು ಮುದುಕರ ತಟ್ಟೆಗೆ ಕೈ ಹಾಕುತ್ತಿದ್ದರು. ಇಲ್ಲಿರುವುದಕ್ಕಿಂತ ಜೈಲೇ ವಾಸಿ ಅಂತ ಬೇಕೆಂದೇ ತಪ್ಪು ಮಾಡಿ ಜೈಲಿಗೆ ಹೋಗುವವರೂ ಇದ್ದರು.

ಸದಸ್ಯರು ಮನಸ್ಸು ಬಂದಾಗ ಒಳಗೆ ಹೋಗಿ ನೋಡುವ ಹಾಗೂ ಇರಲಿಲ್ಲ. ಮೇಲಿನ ಇಲಾಖೆಯವರೆಗೆ ಜಗಳ ಹೋಗಿ, ಯಾವ ಗಾರ್ಡಿಯನ್ ಬೇಕಾದರೂ ಯಾವಾಗ ಬೇಕಾದರೂ ಒಳಗೆ ಹೋಗಬಹುದು ಅಂತ ಆದೇಶ ಬಂತು. ನನ್ನ ಪ್ರಕಾರ ಕ್ರೂಕ್ಸ್ ಬದುಕಿನ ದೊಡ್ಡ ಗೆಲುವು ಇದೇ. ಪಾರ್ಲಿಮೆಂಟಿಗೆ ಗೆದ್ದದ್ದಲ್ಲ, ಅಡುಗೆಮನೆಯ ಬಾಗಿಲು ತೆಗೆಸಿದ್ದು.

ಬಾಗಿಲು ತೆಗೆದ ಮೇಲೆ ಉಳಿದದ್ದು ಒಂದೊಂದಾಗಿ ಬದಲಾಯಿತು. ಗಂಜಿ ಹೋಗಿ ತಿನ್ನುವಂಥ ಊಟ ಬಂತು. ಬ್ರೆಡ್ಡು ಅಲ್ಲೇ ಸುಡತೊಡಗಿದರು, ಒಳ್ಳೆಯ ಹಿಟ್ಟಿನಿಂದ. ಮುದುಕಿಯರಿಗೆ ಚಹಾ, ಸಕ್ಕರೆ ಸಿಕ್ಕಿತು. ಫಾರೆಸ್ಟ್ ಗೇಟಿನ ಬಡಮಕ್ಕಳ ಶಾಲೆಯಲ್ಲಿ, ಇವರು ಅನಾಥರು ಅಂತ ಬೀದಿಗೆಲ್ಲ ಸಾರುವ ಸಮವಸ್ತ್ರ ಹೋಯಿತು. ಕ್ರೂಕ್ಸ್ ಮಂಡಳಿಯ ಅಧ್ಯಕ್ಷರಾದರು. ಕಾನೂನು ಅದೇ, ಕಟ್ಟಡ ಅದೇ, ಇಲಿಗಳೂ ಅವೇ ಇರಬೇಕು. ಕುರ್ಚಿಯಲ್ಲಿ ಕೂತವರು ಬದಲಾದರು ಅಷ್ಟೆ.

ಇಷ್ಟಕ್ಕೇ ನನ್ನ ಸಮಯ ಬಹುಪಾಲು ಹೋಯಿತು. ಮಿಕ್ಕಿದ್ದನ್ನು ಬೇಗ ಹೇಳಿಬಿಡುತ್ತೇನೆ.

ಡಾಕ್ ಬಾಗಿಲಲ್ಲಿ ಕೇಳಿದ್ದ ಬ್ಲ್ಯಾಕ್‌ವಾಲ್ ಸುರಂಗ 1897ರಲ್ಲಿ ತೆರೆಯಿತು. ಕೌನ್ಸಿಲಿನ ಗುತ್ತಿಗೆ ಹಿಡಿದವರು ಕೆಲಸಗಾರರಿಗೆ ನ್ಯಾಯವಾದ ಕೂಲಿ ಕೊಡಲೇಬೇಕು ಅನ್ನುವ ಷರತ್ತಿಗೂ ಅವರು ಹೋರಾಡಿದರು. 1901ರಲ್ಲಿ ಪಾಪ್ಲರಿನ ಮೇಯರ್ ಆದರು, ಲಂಡನ್ನಿಗೇ ಮೊದಲ ಲೇಬರ್ ಮೇಯರ್. ಆಗಲೂ ಇದ್ದದ್ದು ಕೂಲಿಯವರ ಬೀದಿಯ ಸಣ್ಣ ಮನೆಯಲ್ಲೇ. 1903ರಲ್ಲಿ ವೂಲಿಚ್ ಉಪಚುನಾವಣೆಯಲ್ಲಿ 3,229 ಮತಗಳಿಂದ ಗೆದ್ದು ಪಾರ್ಲಿಮೆಂಟಿಗೆ ಹೋದರು. ನಮ್ಮ ಪುಸ್ತಕಗಳು ಶುರುವಾಗುವುದೇ ಇಲ್ಲಿಂದ! ಹನ್ನೊಂದು ವರ್ಷ ಊರಿನ ಕೆಲಸ ಮಾಡಿದ್ದು ಲೆಕ್ಕಕ್ಕೇ ಇಲ್ಲ.

ಸುಮ್ನೆ ಹೊಗಳುತ್ತಿದ್ದೇನೆ ಅನ್ನಬೇಡಿ. 1906ರಲ್ಲಿ ಪಾಪ್ಲರ್ ಮಂಡಳಿಯ ಮೇಲೆ ಸರ್ಕಾರ ತನಿಖೆ ಮಾಡಿಸಿತು. ಬಡವರಿಗೆ ಖರ್ಚು ಜಾಸ್ತಿ ಅಂತ ದೂರು. ವರದಿಯೂ ಚೆನ್ನಾಗಿಯೇ ಬೈದಿತು. ಇಲಿ ಹಿಕ್ಕೆ ಇದ್ದಾಗ ಬಾರದ ತನಿಖೆ ಬ್ರೆಡ್ ಒಳ್ಳೆಯದಾದಾಗ ಬಂತು ನೋಡಿ. ಇನ್ನು 1914ರಲ್ಲಿ ಯುದ್ಧ ಬಂದಾಗ ಕ್ರೂಕ್ಸ್ ಪಾರ್ಲಿಮೆಂಟಿನಲ್ಲಿ ಎದ್ದು ರಾಷ್ಟ್ರಗೀತೆ ಹಾಡಿಸಿದರು. ಲ್ಯಾನ್ಸ್‌ಬರಿ ಯುದ್ಧ ಬೇಡ ಅನ್ನುವ ಕಡೆ. ಅಲ್ಲಿ ಇಬ್ಬರ ದಾರಿ ಬೇರೆಯಾಯಿತು.

ಕ್ರೂಕ್ಸ್ ತೀರಿಕೊಂಡದ್ದು 1921ರ ಜೂನ್‌ನಲ್ಲಿ. ಮೂರು ತಿಂಗಳಿಗೆ ಅದೇ ಪಾಪ್ಲರಿನ 30 ಕೌನ್ಸಿಲರುಗಳು ಜೈಲಿಗೆ ಹೋದರು, ಲ್ಯಾನ್ಸ್‌ಬರಿ ಮುಂದಾಳು. ಬಡ ಏರಿಯಾದ ನಿರುದ್ಯೋಗಿಗಳನ್ನು ಬಡ ಏರಿಯಾವೇ ಸಾಕಬೇಕಾ, ಶ್ರೀಮಂತ ಏರಿಯಾಗಳೂ ಕೊಡಲಿ ಅಂತ ಹಟ. ಲಂಡನ್ ಕೌಂಟಿ ಕೌನ್ಸಿಲಿಗೆ ಕಟ್ಟಬೇಕಾದ ದುಡ್ಡನ್ನು ಕಟ್ಟಲಿಲ್ಲ. ಜೈಲಿನ ಒಳಗೇ ಪುರಸಭೆಯ ಮೀಟಿಂಗ್ ನಡೆಸಿದರು, ಇನ್ನೊಂದು ಜೈಲಿನಲ್ಲಿದ್ದ ಮಹಿಳಾ ಸದಸ್ಯರನ್ನು ಅದಕ್ಕಾಗಿ ಕರೆತರುತ್ತಿದ್ದರು. ಆರು ವಾರಕ್ಕೆ ಬಿಡುಗಡೆ. ಅದೇ ವರ್ಷ ಕಾನೂನು ಬದಲಾಗಿ ಶ್ರೀಮಂತ ಏರಿಯಾಗಳೂ ಪಾಲು ಕೊಡಬೇಕಾಯಿತು. ಆ ಮೀಟಿಂಗುಗಳ ಕಥೆಗೇ ಇನ್ನೊಂದು ಭಾಷಣ ಬೇಕು. ಆಕಾಶವಾಣಿಯವರು ಮತ್ತೆ ಕರೆದರೆ ಹೇಳುತ್ತೇನೆ. ನಮಸ್ಕಾರ.