ಕೊಪ್ಪಳದ ಮಾಳಿಗೆಯಿಂದ ಒಂದು ಮುದಿ ಉಪಗ್ರಹದ ಬೆನ್ನು ಹತ್ತಿ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಕೊಪ್ಪಳದ ಭಾಗ್ಯನಗರದಲ್ಲಿರುವ ನಮ್ಮ ಕಾಕಾ ಅವರ ಮಾಳಿಗೆ. ಆ ಎಂಟಡಿ ಜಾಳಿಗೆ ಡಿಶ್ ಇದೆಯಲ್ಲ, ಅದು ಕಾಕಾ ಕೇಬಲ್ ನಡೆಸುತ್ತಿದ್ದ ಕಾಲದ್ದು. ಧಂದೆ ನಿಂತು ಬಹಳ ವರ್ಷವಾಯಿತು, ಡಿಶ್ ಗುಜರಿಗೆ ಹಾಕಲು ಮಾತ್ರ ಅವರಿಗೆ ಮನಸ್ಸಾಗಲಿಲ್ಲ. ಈಗ ಅದರಲ್ಲಿ ನಾನು ಒಂದು ವಯಸ್ಸಾದ ಉಪಗ್ರಹವನ್ನು ಹಿಂಬಾಲಿಸುತ್ತಿದ್ದೇನೆ. ಹೆಸರು ಕೇಳಬೇಡಿ. ಇಂಥವು ಇವತ್ತು ಇದ್ದ ಜಾಗದಲ್ಲಿ ಮುಂದಿನ ವರ್ಷವೂ ಇರುತ್ತವೆ ಅನ್ನುವ ಹಾಗಿಲ್ಲ. ನೀವು ಡಿಶ್ ತಿರುಗಿಸಿಕೊಂಡು ಆಮೇಲೆ ನನಗೆ ಬೈಯುವುದು ಬೇಡ.

ಸಾಮಾನು ಜಾಸ್ತಿ ಏನಿಲ್ಲ. ಹಳೆಯ ಸಿ-ಬ್ಯಾಂಡ್ ಎಲ್‌ಎನ್‌ಬಿ (ಡಿಶ್ ಎದುರಿಗೆ ಕೂತು ಸಿಗ್ನಲ್ ಹಿಡಿಯುವ ಡಬ್ಬಿ), ಅದಕ್ಕೆ ಕರೆಂಟ್ ಕೊಡಲು ಒಂದು ಹಳೆಯ ರಿಸೀವರ್, ರೇಡಿಯೋ ಸಿಗ್ನಲನ್ನು ಪರದೆ ಮೇಲೆ ತೋರಿಸಲು ಲ್ಯಾಪ್‌ಟಾಪಿಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್. ಮೇಲಿಂದ ಬರುವ 3.7ರಿಂದ 4.2 ಗಿಗಾಹರ್ಟ್ಸ್ ಸಿಗ್ನಲನ್ನು ಎಲ್‌ಎನ್‌ಬಿ 950ರಿಂದ 1450 ಮೆಗಾಹರ್ಟ್ಸ್‌ಗೆ ಇಳಿಸಿ ಕೊಡುತ್ತದೆ. ಡಾಂಗಲ್‌ಗೆ ಅಷ್ಟು ಸಾಕು.

ಈ ಕ್ಲೋಸಪ್ ನೋಡಿ. ಎಲ್‌ಎನ್‌ಬಿ ಮುಂದಿನ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಒಣಗಿದ ಹುಳದ ಸಮೇತ ಉದುರಿತು.

ನಾನು ಯಾವ ಚಾನೆಲನ್ನೂ ನೋಡುತ್ತಿಲ್ಲ. ಉಪಗ್ರಹ ಹಗಲು ರಾತ್ರಿ ಬೀಕನ್ ಅನ್ನುವ ಒಂದು ಸಣ್ಣ ಸಿಗ್ನಲ್ ಕಳಿಸುತ್ತಿರುತ್ತದೆ. ಲ್ಯಾಪ್‌ಟಾಪಿನಲ್ಲಿ ನೆಟ್ಟಗೆ ಕಾಣುವ ತೆಳು ಗೆರೆ ಅದೇ. ಅದು ಯಾವ ಹೊತ್ತಿಗೆ ಎಷ್ಟು ಜೋರಾಗಿದೆ ಅಂತ ಬರೆದಿಡುವುದು, ಇಷ್ಟೇ ಕೆಲಸ.

ಭೂಸ್ಥಿರ ಉಪಗ್ರಹ ಅಂದರೆ 35,786 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಿರುತ್ತದೆ ಅಂತ ಓದಿದ್ದೇವೆ. ಅದು ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸಬೇಕು. ಸೂರ್ಯ, ಚಂದ್ರ ಇಬ್ಬರೂ ಎಳೆದು ಎಳೆದು ಅದರ ಕಕ್ಷೆಯನ್ನು ವಾಲಿಸುತ್ತಾರೆ. ಸುಮ್ನೆ ಬಿಟ್ಟರೆ ವರ್ಷಕ್ಕೆ 0.8 ಡಿಗ್ರಿಯ ಆಸುಪಾಸು ವಾಲುತ್ತದೆ. ಹೀಗಾಗಿ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಂಥ ಕಡೆ ಕೂತವರು ಆಗಾಗ ಅದರ ಥ್ರಸ್ಟರ್ (ಪುಟ್ಟ ರಾಕೆಟ್) ಹಚ್ಚಿ ಸರಿ ಮಾಡುತ್ತಿರುತ್ತಾರೆ. ಜಾಗ ಕಾಯುವ ಇಂಧನದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಈ ಉತ್ತರ-ದಕ್ಷಿಣದ ರಿಪೇರಿಗೇ ಹೋಗುತ್ತದೆ. ಟ್ಯಾಂಕ್ ತಳ ಕಾಣತೊಡಗಿದಾಗ ಇದನ್ನು ಕೈಬಿಟ್ಟು ಪೂರ್ವ-ಪಶ್ಚಿಮ ಮಾತ್ರ ನೋಡಿಕೊಳ್ಳುತ್ತಾರೆ. ಅಕ್ಕಪಕ್ಕದ ಉಪಗ್ರಹಗಳ ಜಾಗಕ್ಕೆ ನುಗ್ಗಬಾರದು, ಅಲ್ವಾ? ಆಮೇಲೆ ಅದು ದಿನಕ್ಕೊಮ್ಮೆ ಆಕಾಶದಲ್ಲಿ ಒಂದು ತೆಳು 8 ಬರೆಯುತ್ತದೆ. ಇಲ್ಲಿಂದ ನೋಡಿದರೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂದ ಹಾಗಷ್ಟೇ.

ನಮ್ಮದು ಸುಮಾರು ನಾಲ್ಕು ಡಿಗ್ರಿ ವಾಲಿದೆ. ಅಂದರೆ ಹೆಚ್ಚೂಕಡಿಮೆ ಐದು ವರ್ಷದ ಹಿಂದೆ ಉತ್ತರ-ದಕ್ಷಿಣ ಬಿಟ್ಟಿದ್ದಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಹಾಗೆಯೇ ಈ ಲೆಕ್ಕ.

ಎಂಟಡಿ ಡಿಶ್‌ಗೆ ಒಮ್ಮೆಗೆ ಕಾಣುವುದು ಎರಡು ಡಿಗ್ರಿಯಷ್ಟು ಆಕಾಶ. ಡಿಶ್ ದೊಡ್ಡದಾದಷ್ಟೂ ನೋಟ ಇನ್ನೂ ಕಿರಿದು. ಇದು ಕಾಕಾಗೆ ಸ್ವಲ್ಪ ಬೇಜಾರಿನ ವಿಷಯ, ಓಣಿಯಲ್ಲೇ ದೊಡ್ಡ ಡಿಶ್ ಅವರದ್ದಿತ್ತು. ಆ 8ರ ನಡುವಿಗೆ ಗುರಿ ಇಟ್ಟರೆ ಗೆರೆ ದಿನಕ್ಕೆ ಎರಡು ಸಲ ಏಳುತ್ತದೆ. ಒಂದೊಂದು ಸಲ ಎರಡು ತಾಸಿಗಿಂತ ತುಸು ಕಡಿಮೆ ಇದ್ದು, ಆಮೇಲೆ ಮಾಯ.

ಕಾಕಾ ಇದನ್ನು ನಂಬಲಿಲ್ಲ. "ಏ ತಮ್ಮಾ, ಗಾಳಿಗೆ ಡಿಶ್ ಅಲಗ್ಯಾಡೇತಿ ತಗೋ. ಉಪಗ್ರಹ ಎಲ್ಲ್ಯರ ಅಲಗ್ಯಾಡತೈತೇನು?" ಅಂದರು. ಸ್ಪ್ಯಾನರ್ ತಂದು ಹಿಂದಿನ ರಾಡಿನ ನಟ್ಟುಗಳನ್ನೆಲ್ಲ ಬಿಗಿದರು. ಗೆರೆ ಮತ್ತೆ ಹೋಯಿತು. ಆಗ ಹೊಸ ವಾದ ತೆಗೆದರು: "ಬಿಸಲಿಗೆ ಎಲ್‌ಎನ್‌ಬಿ ಕಾದು ಹಿಂಗ ಆಗತೈತಿ."

ಈ ಮಾತು ತೆಗೆದುಹಾಕುವಂಥದ್ದಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಎಲ್‌ಎನ್‌ಬಿ ಕಾದು ಆ ಗೆರೆ ಮಧ್ಯಾಹ್ನ ನಿಜವಾಗಿಯೂ ಪಕ್ಕಕ್ಕೆ ಜರುಗುತ್ತದೆ. ಆದರೆ ಬಿಸಿಲು ಕಾರಣವಾಗಿದ್ದರೆ ದಿನಾ ಅದೇ ಹೊತ್ತಿಗೆ ಆಗಬೇಕು. ಈ ಗ್ರಾಫ್ ನೋಡಿ. ಸಿಗ್ನಲ್ ತುದಿಗೇರುವ ಹೊತ್ತು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಿದೆ. ಹದಿನೈದು ದಿನಕ್ಕೆ ಒಂದು ತಾಸು, ತಿಂಗಳಿಗೆ ಎರಡು ತಾಸು. ಯಾಕೆಂದರೆ ಉಪಗ್ರಹ ಒಂದು ಸುತ್ತು ಮುಗಿಸುವುದು 24 ತಾಸಿಗಲ್ಲ, 23 ತಾಸು 56 ನಿಮಿಷಕ್ಕೆ. ನಕ್ಷತ್ರಗಳು ದಿನಾ ನಾಲ್ಕು ನಿಮಿಷ ಮುಂಚೆ ಹುಟ್ಟುವುದೂ ಇದೇ ಲೆಕ್ಕದಲ್ಲಿ. ಗಾಳಿಗಾಗಲಿ ಬಿಸಿಲಿಗಾಗಲಿ ಈ ಗಡಿಯಾರ ಗೊತ್ತಿಲ್ಲ.

ಕಾಕಾ ಗ್ರಾಫನ್ನು ಗೋಡೆಯ ಕ್ಯಾಲೆಂಡರ್ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಈಗ ಅವರೇ ಫೋನ್ ಮಾಡಿ ಹೇಳುತ್ತಾರೆ, "ಇವತ್ತ ಐದೂ ನಲವತ್ತಕ್ಕ ಬರತೈತಿ ನೋಡು."

ಮುದಿಯಾದ ಮೇಲೆ ಇವು ಏನಾಗುತ್ತವೆ? ಒಳ್ಳೆಯ ಕೊನೆ ಅಂದರೆ ಇನ್ಸಾಟ್-4ಬಿಯದ್ದು. 2007ರಲ್ಲಿ ಹಾರಿತು. ನಮ್ಮ ಹಳ್ಳಿಗಳ ಡಿಡಿ ಡೈರೆಕ್ಟ್ ಪ್ಲಸ್ ಡಿಶ್‌ಗಳು ಆಗ್ನೇಯಕ್ಕೆ ಮುಖ ಮಾಡಿ ನಿಂತಿದ್ದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದ ಇದರ ಕಡೆಗೇ. 12 ವರ್ಷಕ್ಕೆಂದು ಕಟ್ಟಿದ್ದು 2022ರ ಜನವರಿವರೆಗೆ ಬಾಳಿತು. ಉಳಿಸಿಟ್ಟ ಇಂಧನದಲ್ಲಿ ಇಸ್ರೋ ಅದನ್ನು ಉಳಿದವುಗಳಿಗೆ ಅಡ್ಡ ಬರದ ಹಾಗೆ ಸುಮಾರು 340 ಕಿ.ಮೀ. ಮೇಲಕ್ಕೆ ಏರಿಸಿ ಆಫ್ ಮಾಡಿತು.

ಏರಿಸುವ ಮೊದಲೇ ಕೆಟ್ಟು ಕೂತವುಗಳ ಕಥೆ ಬೇರೆ. ಭೂಮಿಯ ನಡು ಪೂರ್ತಿ ದುಂಡಗಿಲ್ಲ. ಹಾಗಾಗಿ ಆ ಎತ್ತರದಲ್ಲಿ ಎರಡು ಜಾಗಗಳ ಕಡೆಗೆ ಇವು ಜಾರುತ್ತವೆ. ಒಂದು 105 ಡಿಗ್ರಿ ಪಶ್ಚಿಮ, ಅಮೆರಿಕದ ಕಡೆ. ಇನ್ನೊಂದು 75 ಡಿಗ್ರಿ ಪೂರ್ವ. ನಕ್ಷೆ ತೆಗೆದು ನೋಡಿ, ನಮ್ಮ ಹುಬ್ಬಳ್ಳಿ ಇರುವುದು ಅದೇ ರೇಖಾಂಶದ ಮೇಲೆ! ಅಲ್ಲಿಂದ ನೇರ ದಕ್ಷಿಣಕ್ಕೆ, ಭೂಮಧ್ಯರೇಖೆಯ ಮೇಲೆ, ಸತ್ತ ಉಪಗ್ರಹಗಳು ವರ್ಷಗಟ್ಟಲೆ ಆಚೆ ಈಚೆ ತೂಗಾಡುತ್ತಿರುತ್ತವೆ. ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಅವೂ ಹುಬ್ಬಳ್ಳಿಗೇ ಹೋಗಬೇಕೇನು? ಕೊಪ್ಪಳದಾಗ ಒಂದೂ ನಿಲ್ಲಂಗಿಲ್ಲ?"

ಇವಕ್ಕೆ ಬೀಕನ್ ಇಲ್ಲ, ಕ್ಯಾಮೆರಾ ಬೇಕು. ಕೊಪ್ಪಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತು, ನಾಲ್ಕು ಡಿಗ್ರಿ ಪಶ್ಚಿಮಕ್ಕೆ ಸರಿದು, 72 ಡಿಗ್ರಿ ಮೇಲಕ್ಕೆ ನೋಡಬೇಕು. ಅಷ್ಟು ಎತ್ತರಕ್ಕೆ ಯಾವ ಗುಡ್ಡವೂ ಅಡ್ಡ ಬರುವುದಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಶಟರ್ ತೆರೆದಿಟ್ಟರೆ ನಕ್ಷತ್ರಗಳು ಗೆರೆಯಾಗುತ್ತವೆ, ಜಾಗ ಬಿಡದ ಉಪಗ್ರಹ ಚುಕ್ಕೆಯಾಗಿ ಉಳಿಯುತ್ತದೆ. ವಾಲಿದ್ದು ನಕ್ಷತ್ರದ ಗೆರೆಗೆ ಅಡ್ಡಲಾಗಿ ಒಂದು ಪುಟ್ಟ ಗೀಟು ಎಳೆಯುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಇವು ಜಾಸ್ತಿ ಹೊಳೆಯುತ್ತವೆ. ಸೆಪ್ಟೆಂಬರಿನಲ್ಲಿ ಮೋಡ ಸರಿದರೆ ಊರ ದೀಪಗಳಿಂದ ದೂರ ಹೋಗಿ ಅದನ್ನೇ ತೋರಿಸುತ್ತೇನೆ.