ನಾಣ್ಯ ಮಗುಚಿ ನೋಡಿ

ಕೇಳುಗರಿಗೆ ನಮಸ್ಕಾರ. ರೋಮನ್ ಬೆಳ್ಳಿ ನಾಣ್ಯ ಅಂದ ಕೂಡಲೇ ಜನ ಕೇಳುವುದು ಒಂದೇ: “ಈಗ ಎಷ್ಟಕ್ಕೆ ಹೋಗುತ್ತೆ ಸಾರ್?” ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಇನ್ನು ಕೆಲವರು ದೊರೆಯ ಮುಖ ನೋಡಿ, ಹೆಸರು ಓದಿ, ಸುಮ್ನೆ ಕೆಳಗಿಟ್ಟುಬಿಡುತ್ತಾರೆ. ಮಗುಚಿ ನೋಡಿ ಸ್ವಾಮಿ! ವಿಷಯ ಇರುವುದು ಹಿಂಬದಿಯಲ್ಲಿ.

ಈ ನಾಣ್ಯದ ಹೆಸರು ಡಿನೇರಿಯಸ್. ನಮ್ಮ ಐವತ್ತು ಪೈಸೆಯಷ್ಟು ಅಗಲ, ತೂಕ 4 ಗ್ರಾಂಗಿಂತ ತುಸು ಕಡಿಮೆ. ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಸಾಮಾನ್ಯ ಸೈನಿಕನ ಸಂಬಳ ವರ್ಷಕ್ಕೆ 225 ಡಿನೇರಿಯಸ್. ಅಂದರೆ ದೊರೆ ಸೈನಿಕನಿಗೆ ಏನು ಹೇಳಬೇಕೋ ಅದನ್ನು ಸಂಬಳದ ಮೇಲೇ ಅಚ್ಚು ಹಾಕಿಸಬಹುದಿತ್ತು.

ನನಗೆ ತುಂಬ ಇಷ್ಟವಾದದ್ದು ರೋಮನ್ ಸೇನಾನಾಯಕ ಮಾರ್ಕ್ ಆಂಟನಿಯ ನಾಣ್ಯ. ಕ್ರಿ.ಪೂ. 32–31. ಆಕ್ಟೇವಿಯನ್, ಅಂದರೆ ಮುಂದೆ ಅಗಸ್ಟಸ್ ಆದವನ ಜೊತೆ, ಯುದ್ಧ ನಿಶ್ಚಯವಾಗಿದೆ. ದೊಡ್ಡ ಸೈನ್ಯಕ್ಕೆ ಸಂಬಳ ಕೊಡಬೇಕು, ಬೆಳ್ಳಿ ಸಾಲದು. ತಾಮ್ರ ಬೆರೆಸಿದ! ಮುಂಬದಿಯಲ್ಲಿ ಅವನ ಮುಖವೇ ಇಲ್ಲ, ಸಾಲು ಹುಟ್ಟುಗಳ ಯುದ್ಧನೌಕೆ ಇದೆ. ಮಗುಚಿದರೆ ನಡುವೆ ಹದ್ದು, ಎರಡು ಪಕ್ಕ ಸೇನೆಯ ಧ್ವಜಸ್ತಂಭ, ಜೊತೆಗೆ ಸೇನಾದಳದ ಸಂಖ್ಯೆ. ಐದನೇ ದಳ, ಆರನೇ ದಳ, ಹೀಗೆ. ತನ್ನ ದಳದ ಸಂಖ್ಯೆ ಬೆಳ್ಳಿಯ ಮೇಲೆ ಕಂಡ ಸೈನಿಕನಿಗೆ ಹೇಗಾಗಿರಬೇಡ!

ಕ್ರಿ.ಪೂ. 31ರಲ್ಲಿ ಗ್ರೀಸ್ ಕರಾವಳಿಯ ಆಕ್ಟಿಯಮ್ ಬಳಿ ಆಂಟನಿ ಸೋತ, ಮರುವರ್ಷ ಸತ್ತ. ನಾಣ್ಯ ಮಾತ್ರ ಸಾಯಲಿಲ್ಲ. ಒಳ್ಳೆ ಬೆಳ್ಳಿಯದನ್ನು ಜನ ಬಚ್ಚಿಟ್ಟುಕೊಂಡರು, ಈ ಕಲಬೆರಕೆಯನ್ನು ಬೇಗ ಸಾಗಹಾಕಿದರು. ಹಾಗಾಗಿ ಇನ್ನೂರು ವರ್ಷಕ್ಕೂ ಜಾಸ್ತಿ ಕೈಯಿಂದ ಕೈಗೆ ಓಡಾಡಿತು. ಹದ್ದಿನ ರೆಕ್ಕೆ ಸವೆದು ಬರೀ ಉಬ್ಬು ಉಳಿದಿರುವ ನಾಣ್ಯಗಳು ಬೇಕಾದಷ್ಟು ಸಿಗುತ್ತವೆ. ಕ್ರಿ.ಶ. 193ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಪಟ್ಟಕ್ಕೆ ಬಂದಾಗ, ತನ್ನನ್ನು ಬೆಂಬಲಿಸಿದ ದಳಗಳಿಗೆ ಅದೇ ಹದ್ದು-ಧ್ವಜದ ಮಾದರಿಯಲ್ಲಿ ನಾಣ್ಯ ಹಾಕಿಸಿದ.

ಆಗಲೇ ಸಮಯವಾಯಿತು ಅಂತ ಕೈಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ. ಕ್ರಿ.ಪೂ. 53ರಲ್ಲಿ ಇರಾನ್ ಕಡೆಯ ಪಾರ್ಥಿಯನ್ನರು ರೋಮನ್ ಸೇನೆಯಿಂದ ಕಸಿದುಕೊಂಡ ಧ್ವಜಗಳನ್ನು ಅಗಸ್ಟಸ್ ಕ್ರಿ.ಪೂ. 20ರಲ್ಲಿ ಯುದ್ಧವಿಲ್ಲದೆ, ಮಾತುಕತೆಯಲ್ಲೇ ವಾಪಸ್ ಪಡೆದ. ನಾಣ್ಯದಲ್ಲಿ ಮಾತ್ರ ಪಾರ್ಥಿಯನ್ ಮಂಡಿಯೂರಿ ಧ್ವಜ ಒಪ್ಪಿಸುತ್ತಿದ್ದಾನೆ. ಮುಖ ನೋಡಿದವರಿಗೆ ಇದು ತಿಳಿಯುತ್ತಾ?

ಅಗಸ್ಟಸ್, ಅವನ ನಂತರ ಬಂದ ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಹತ್ತಿರದ ನಮ್ಮ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಮ್ಯೂಸಿಯಂನಲ್ಲಿ ರೋಮನ್ ನಾಣ್ಯವನ್ನು ಮುಖ ಮೇಲಾಗಿ ಇಟ್ಟಿದ್ದರೆ, ಹಿಂಬದಿಯ ಫೋಟೋ ಎಲ್ಲಿ ಅಂತ ಕೇಳಿ. ಸಂಕೋಚ ಬೇಡ. ನಮಸ್ಕಾರ.